ಸಭಾಂಗಣದೊಳಗೆ ಒಂದು ಸೆಸ್ನಾ

ವಿಮಾನವೆಂದರೆ ನಮ್ಮ ಜನಕ್ಕೆ ಟಿಕೆಟ್ ಕೊಂಡು ಹತ್ತುವ ವಾಹನ. ತಾವೇ ಓಡಿಸಬಹುದು, ಅದೂ ಬರೀ ಖುಷಿಗಾಗಿ, ಎಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಅದನ್ನು ಹೊಳೆಯಿಸಲು ಫ್ಲೈಯಿಂಗ್ ಕ್ಲಬ್‌ಗಳಿಗೆ ಒಳಾಂಗಣ ವಸ್ತುಪ್ರದರ್ಶನ ಒಳ್ಳೆಯ ಜಾಗ. ಮೊದಲ ಸಲ ಮಳಿಗೆ ಹಾಕುವವರು ಹೀಗೆ ಮಾಡಿ.

ಹಂತ 1: ಬಾಗಿಲು ಅಳೆಯಿರಿ
ಸೆಸ್ನಾ 172ರ ರೆಕ್ಕೆಗಳ ಹರವು ಸುಮಾರು 36 ಅಡಿ, ಉದ್ದ 27 ಅಡಿ. ಬಾಗಿಲು ಸಾಲದಿದ್ದರೆ ರೆಕ್ಕೆ ಬಿಚ್ಚಬೇಕು. ಸೆಸ್ನಾದ ಚಕ್ರಗಳನ್ನು ಒಡಲಿಗೇ ಜೋಡಿಸಿರುವುದರಿಂದ ರೆಕ್ಕೆ ತೆಗೆದ ಮೇಲೂ ತಳ್ಳಿಕೊಂಡು ಹೋಗಬಹುದು. ಪೈಪರ್ ಚೆರೋಕಿಯಲ್ಲಿ ಹಿಂದಿನ ಚಕ್ರಗಳಿರುವುದೇ ರೆಕ್ಕೆಯಲ್ಲಿ. ರೆಕ್ಕೆ ಹೋದರೆ ಚಕ್ರವೂ ಹೋಯಿತು! ಬಿಚ್ಚಿ ಜೋಡಿಸುವುದು ಲೈಸೆನ್ಸ್ ಇರುವ ಎಂಜಿನಿಯರ್ ಕೆಲಸ, ಲಾಗ್‌ಬುಕ್ಕಿನಲ್ಲಿ ದಾಖಲಾಗಬೇಕು. ಇಷ್ಟೆಲ್ಲ ರಗಳೆ ಬೇಡವೆಂದರೆ ರೆಕ್ಕೆ ಮಡಚುವ ಮೈಕ್ರೋಲೈಟ್ ತನ್ನಿ. ಹೊಸಬರಿಗೆ ಅದೇ ಮೇಲು.

ಹಂತ 2: ಅಪಾಯ ತೆಗೆಯಿರಿ
ಪೆಟ್ರೋಲ್ ಪೂರ್ತಿ ಇಳಿಸಿ, ಬ್ಯಾಟರಿ ಕಳಚಿ. ಆಮೇಲೂ ಪ್ರೊಪೆಲರ್ ಯಾರೂ ತಿರುಗಿಸದಂತೆ ಸುತ್ತ ಹಗ್ಗ ಕಟ್ಟಿ. ಎಂಜಿನ್ನಿನ ಮ್ಯಾಗ್ನೆಟೊ ಕಿಡಿ ಹಾರಿಸಲು ಬ್ಯಾಟರಿಯೇ ಬೇಕಿಲ್ಲ. ಒಳಗೆ ಉಳಿದ ಚೂರು ಇಂಧನಕ್ಕೆ ಆ ಕಿಡಿ ತಗುಲಿದರೆ ಪ್ರೊಪೆಲರ್ ತಾನೇ ತಿರುಗಿ ಹೊಡೆಯಬಹುದು.

ಹಂತ 3: ಜನರನ್ನು ಕೂರಿಸಿ
‘ಮುಟ್ಟಬೇಡಿ’ ಫಲಕ ಹಾಕುವುದಾದರೆ ವಿಮಾನ ತರುವುದೇ ದಂಡ. ಬಾಗಿಲ ಬಳಿ ಒಬ್ಬರು ನಿಂತು, ಎಲ್ಲಿ ಕಾಲಿಡಬೇಕೆಂದು ತೋರಿಸಿ, ಎಡಗಡೆ ಸೀಟಿಗೆ ಹತ್ತಿಸಲಿ. ಮಕ್ಕಳಷ್ಟೇ ಅಲ್ಲ, ಹಿಂದೆ ಸಂಕೋಚದಿಂದ ನಿಂತ ಅಪ್ಪ ಅಮ್ಮಂದಿರನ್ನೂ ಕರೆಯಿರಿ. ಕಂಟ್ರೋಲ್ ತಿರುಗಿಸಿದಾಗ ರೆಕ್ಕೆಯ ತುದಿಯ ಏಲರಾನ್ ಏಳುವುದನ್ನು ಕಂಡವರಿಗೆ ಭಾಷಣ ಬೇಕಾಗದು.

ಹಂತ 4: ಸಿಮ್ಯುಲೇಟರ್
ಒಬ್ಬರಿಗೆ ಐದು ನಿಮಿಷ. ಆಕಾಶದಲ್ಲೇ ಶುರು ಮಾಡಿಸಿ, ತಮ್ಮೂರ ಮೇಲೆ ಒಂದು ಸುತ್ತು ಹಾಕಿಸಿ. ಲ್ಯಾಂಡಿಂಗ್ ಬೇಡ; ಅಪ್ಪಳಿಸಿದವರು ಮತ್ತೆ ಬರುವುದಿಲ್ಲ.

ಹಂತ 5: ನೇರ ಉತ್ತರ ಕೊಡಿ
‘ಏರ್‌ಲೈನ್ ಕೆಲಸ ಸಿಗುತ್ತಾ?’ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಕಮರ್ಷಿಯಲ್ ಲೈಸೆನ್ಸ್ ಬೇಕು, ಕನಿಷ್ಠ 200 ಗಂಟೆ ಹಾರಾಟ. ಹವ್ಯಾಸಕ್ಕೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಸಾಕು: 17 ವರ್ಷ, ಎಸ್ಸೆಸ್ಸೆಲ್ಸಿ, ವೈದ್ಯಕೀಯ ತಪಾಸಣೆ, ಪರೀಕ್ಷೆಗಳು, ಕನಿಷ್ಠ 40 ಗಂಟೆ ಹಾರಾಟ. ಗಂಟೆಯ ದರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ದರ ಮುಚ್ಚಿಟ್ಟ ಮಳಿಗೆಯನ್ನು ಯಾರೂ ನಂಬುವುದಿಲ್ಲ.

ಹಂತ 6: ಏರೋಡ್ರೋಮಿಗೆ ಕರೆಯಿರಿ
ಮಳಿಗೆಯಲ್ಲೇ ಫೀಸು ಕಟ್ಟಿಸಿಕೊಳ್ಳುವ ಆತುರ ಬೇಡ. ಹೆಸರು, ಫೋನ್ ನಂಬರ್ ಬರೆದುಕೊಂಡು, ಒಳಗೆ ಬಿಡಲು ಬೇಕಾದ ಅನುಮತಿ ಮೊದಲೇ ಪಡೆದು, ಬರುವ ಭಾನುವಾರಕ್ಕೇ ಕರೆಯಿರಿ. ತಿಂಗಳು ಕಳೆದು ಫೋನ್ ಮಾಡಿದರೆ ಅವರಿಗೆ ನಿಮ್ಮ ನೆನಪಿರುವುದಿಲ್ಲ.