ಲಾಭರಹಿತ ಸಂಸ್ಥೆಗಳು: ಮಲ್ಲಾಡಿಹಳ್ಳಿಯ ಜೋಳಿಗೆ ಮತ್ತು ಇಂದಿನ ಕಾನೂನು

ಚಿತ್ರದುರ್ಗ ಜಿಲ್ಲೆ ಎಂದರೆ ಪರೀಕ್ಷೆಯ ಅಭ್ಯರ್ಥಿಗಳು ಕೋಟೆಯನ್ನೂ ಹಿರಿಯೂರಿನ ವಾಣಿವಿಲಾಸ ಸಾಗರವನ್ನೂ ಓದಿ ಮುಂದೆ ಹೋಗುತ್ತಾರೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನೂ ಓದಿಕೊಳ್ಳಬೇಕು. ರಾಘವೇಂದ್ರ ಸ್ವಾಮೀಜಿ 1943ರಲ್ಲಿ ಇಲ್ಲಿ ಅನಾಥ ಸೇವಾಶ್ರಮ ಸ್ಥಾಪಿಸಿದರು. ಯೋಗ ಶಿಕ್ಷಣ, ಆಯುರ್ವೇದ ಚಿಕಿತ್ಸೆ, ಶಾಲೆ ಒಂದೊಂದಾಗಿ ಬೆಳೆದವು. ಬಂಡವಾಳ ಊರೂರು ತಿರುಗಿ ತಂದ ದೇಣಿಗೆ. ಅವರ ಕಾವ್ಯನಾಮ 'ತಿರುಕ', ಆತ್ಮಕಥೆ 'ಜೋಳಿಗೆಯ ಪವಾಡ'. ಸ್ವಾಮೀಜಿ 1996ರಲ್ಲಿ ನಿಧನರಾದರೂ ಆಶ್ರಮದ ಟ್ರಸ್ಟ್ ಸಂಸ್ಥೆಗಳನ್ನು ನಡೆಸಿಕೊಂಡು ಬಂದಿದೆ. ಯಶಸ್ಸಿಗೆ ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ಇಲ್ಲ.

ಇದೇ ಜಿಲ್ಲೆಯ ಇನ್ನೊಂದು ಉದಾಹರಣೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಆರಂಭಿಸಿದ ರಂಗತಿರುಗಾಟ 'ಶಿವಸಂಚಾರ'.

ಇಂದು ಸಂಸ್ಥೆ ಕಟ್ಟಲು ಮೂರು ದಾರಿ: ಟ್ರಸ್ಟ್, ಸಂಘ, ಕಂಪನಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಂತೆ ಸಂಘಕ್ಕೆ ಕನಿಷ್ಠ 7 ಸದಸ್ಯರು ಬೇಕು. ಕಂಪನಿ ಕಾಯ್ದೆ 2013ರ ಸೆಕ್ಷನ್ 8ರ ಕಂಪನಿ ಲಾಭ ಗಳಿಸಬಹುದು, ಸದಸ್ಯರಿಗೆ ಹಂಚುವಂತಿಲ್ಲ. ಪ್ರಶ್ನೆಪತ್ರಿಕೆ ಎಡವಿಸುವುದು ಇಲ್ಲೇ. ಅದೇ ಕಾಯ್ದೆಯ ಸೆಕ್ಷನ್ 135 ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕೆನ್ನುತ್ತದೆ. ವಿದೇಶಿ ದೇಣಿಗೆಗೆ 2010ರ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಕಡ್ಡಾಯ. 2020ರ ತಿದ್ದುಪಡಿಯ ಬಳಿಕ ಆ ದೇಣಿಗೆಯಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಹಿಂದಿನ ಮಿತಿ ಶೇ 50 ಇತ್ತು.