ಛದ್ಮವೇಷದಲ್ಲಿ ಯಾವುದು ಸರಿ, ಯಾವುದು ಅತಿ?

ಪ್ರಶ್ನೆ: ಮಗಳ ಶಾಲೆಯ ಛದ್ಮವೇಷ ಸ್ಪರ್ಧೆಗೆ ‘ಬುಡಕಟ್ಟು ಜನರ ವೇಷ ಬೇಡ, ಭಿಕ್ಷುಕರ ವೇಷ ಬೇಡ, ದೈವದ ವೇಷವೂ ಬೇಡ’ ಎಂದು ಸೂಚನೆ ಬಂದಿದೆ. ನಾವು ಸಣ್ಣವರಿದ್ದಾಗ ಮೈಗೆ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ ಕುಣಿದು ಬಹುಮಾನ ತಂದವರು. ಹೋಳಿಯಲ್ಲಿ ಸೋಗು ಹಾಕಿ ನಗುವ ನಾಡು ನಮ್ಮದು. ಈ ಪೊಲಿಟಿಕಲ್ ಕರೆಕ್ಟ್‌ನೆಸ್ ಅತಿಯಾಯಿತಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇದನ್ನು ನೀವು ಮುಚ್ಚುಮರೆಯಿಲ್ಲದೆ ಕೇಳಿದ್ದು ಸಂತೋಷ. ಅನೇಕ ಪಾಲಕರ ಮನಸ್ಸಿನಲ್ಲಿ ಈ ಪ್ರಶ್ನೆಯಿದೆ, ಬಾಯಿಬಿಟ್ಟು ಕೇಳುವವರು ಕಡಿಮೆ. ನಿಮ್ಮ ಸಂಶಯ ಹೀಗಿದೆ ಎಂದುಕೊಳ್ಳುತ್ತೇನೆ: ವೇಷ ಎಂದರೆ ಆಟ, ಆಟದಲ್ಲಿ ಯಾರಿಗೂ ಕೇಡು ಬಯಸಿಲ್ಲ, ಹಾಗಿರುವಾಗ ಇಷ್ಟೆಲ್ಲ ನಿಷೇಧ ಯಾಕೆ?

ಮೊದಲು ಕರಾವಳಿಯ ಒಂದು ಸಂಗತಿ ನೋಡಿ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಅಷ್ಟಮಿ, ನವರಾತ್ರಿ ಬಂದರೆ ಬೀದಿ ತುಂಬ ವೇಷಗಳು. ಹುಲಿವೇಷವನ್ನು ನೀವೂ ನೋಡಿರುತ್ತೀರಿ. ಅವುಗಳ ನಡುವೆ ‘ಕೊರಗ ವೇಷ’ ಎಂಬುದೂ ಒಂದಿತ್ತು. ಮೈಗೆಲ್ಲ ಕಪ್ಪು ಬಳಿದು, ತಲೆಗೆ ಹಾಳೆಯ ಟೊಪ್ಪಿ ಇಟ್ಟು, ವಿಚಿತ್ರವಾಗಿ ಕುಣಿದು ಕಾಸು ಕೇಳುವುದು. ಹಾಕುತ್ತಿದ್ದವರು ಕೊರಗರಲ್ಲ, ಬೇರೆಯವರು. ನೋಡುವವರಿಗೆ ಅದು ಹಬ್ಬದ ತಮಾಷೆ.

ಕೊರಗರಿಗೆ ಅದು ಹೇಗೆ ಕಂಡಿತು ಎಂಬುದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಈ ಬುಡಕಟ್ಟಿನ ಬಗ್ಗೆ ಬ್ರಿಟಿಷ್ ಸಂಶೋಧಕ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲಿ ವಿವರಗಳಿವೆ. ಸೊಪ್ಪು ಕೊರಗರೆಂಬ ಪಂಗಡದಲ್ಲಿ ಉಡುಗೆಯೇ ಎಲೆಯಾಗಿತ್ತು. ಅಂಡೆ ಕೊರಗರು ಕೊರಳಿಗೆ ಪಾತ್ರೆ ಕಟ್ಟಿಕೊಳ್ಳಬೇಕಿತ್ತು, ಅವರ ಉಗುಳು ಊರಿನ ದಾರಿಗೆ ಬೀಳಬಾರದೆಂದು. ಅಜಲು ಎಂಬ ಪದ್ಧತಿಯಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು. ಕಂಬಳದ ಕೋಣಗಳು ಓಡುವ ಮೊದಲು ಇವರನ್ನು ಕೋಣಗಳಂತೆ ಓಡಿಸುತ್ತಿದ್ದರು. ಇದು ಪುರಾಣಕಾಲದ ಮಾತಲ್ಲ. ಅಜಲು ಪದ್ಧತಿಯನ್ನು ಹೆಸರಿಸಿ ನಿಷೇಧಿಸಲು ಕರ್ನಾಟಕವು 2000ನೇ ಇಸವಿಯಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು.

ಈಗ ಆ ಹಬ್ಬದ ವೇಷವನ್ನು ಮತ್ತೆ ನೆನಪಿಸಿಕೊಳ್ಳಿ. ಅದು ಕೊರಗರ ಅನುಕರಣೆಯಷ್ಟೇ ಆಗಿರಲಿಲ್ಲ. ಬಲವಂತದಿಂದ ಅವರ ಮೈಮೇಲೆ ಹೇರಿದ್ದನ್ನು, ಹೇರಿದ ಸಮಾಜದವರೇ ತೊಟ್ಟು ನಗುವ ಆಟ ಅದಾಗಿತ್ತು. ಕೊರಗ ಸಂಘಟನೆಗಳು ಇದನ್ನು ನಿಲ್ಲಿಸಿ ಎಂದು ಮತ್ತೆ ಮತ್ತೆ ಮನವಿ ಕೊಟ್ಟವು, ಜಿಲ್ಲಾಡಳಿತ ವೇಷವನ್ನು ನಿಷೇಧಿಸಿತು. ಇದನ್ನು ಅತಿ ಎನ್ನಲು ನನ್ನಿಂದ ಸಾಧ್ಯವಿಲ್ಲ. ರಾಜ್ಯದಲ್ಲಿ ಹದಿನೈದು ಸಾವಿರದ ಆಸುಪಾಸಿನಲ್ಲಿರುವ ಜನ ತಮ್ಮ ನೋವು ಹೇಳಿಕೊಂಡಾಗ ಒಂದು ವೇಷವನ್ನು ಬಿಟ್ಟುಕೊಡುವುದು ದೊಡ್ಡ ನಷ್ಟವೇನಲ್ಲ. ಅದೇ ಉಡುಪಿಯ ಅಷ್ಟಮಿಯಲ್ಲಿ ರವಿ ಕಟಪಾಡಿಯವರು ಸಿನಿಮಾದ ರಾಕ್ಷಸರಂಥ ವೇಷ ಹಾಕಿ, ಬಂದ ಹಣವನ್ನು ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದಿದ್ದಾರೆ. ವೇಷದ ಸಂಭ್ರಮ ಎಲ್ಲೂ ಕಡಿಮೆಯಾಗಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ಒಂದು ಗೊಂದಲ ಬಿಡಿಸಬೇಕು. 2022ರ ಜನವರಿಯಲ್ಲಿ ವಿಟ್ಲದ ಬಳಿಯ ಮದುವೆಮನೆಯೊಂದರಲ್ಲಿ ಮದುಮಗ ಕೊರಗಜ್ಜನನ್ನು ಹೋಲುವ ವೇಷ ಹಾಕಿದ್ದು ದೊಡ್ಡ ಸುದ್ದಿಯಾಯಿತು, ಪೊಲೀಸ್ ಪ್ರಕರಣವೂ ದಾಖಲಾಯಿತು. ‘ಕೊರಗ ವೇಷ’ವೂ ಇದೂ ಒಂದೇ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಕೊರಗಜ್ಜ ದೈವ, ಕೊರಗ ಕುಲದಲ್ಲಿ ಹುಟ್ಟಿ ದೈವವಾದವನೆಂದು ಎಲ್ಲ ಜಾತಿಯವರೂ ನಂಬುವವನು. ಅಲ್ಲಿ ನೊಂದದ್ದು ಭಕ್ತರ ನಂಬಿಕೆ. ಕೊರಗ ವೇಷದಲ್ಲಿ ಕುಗ್ಗಿದ್ದು ಬದುಕಿರುವ ಮನುಷ್ಯರ ಮಾನ. ಕಾನೂನೂ ಇವೆರಡನ್ನು ಬೇರೆಬೇರೆಯಾಗಿ ನೋಡುತ್ತದೆ. ನಂಬಿಕೆಯ ವಿಷಯದಲ್ಲಿ, ಬೇಕೆಂದೇ ದುರುದ್ದೇಶದಿಂದ ಮಾಡಿದ್ದೇ ಎಂದು ಕೇಳುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ, ಪರಿಶಿಷ್ಟ ಜಾತಿ ಪಂಗಡದವರನ್ನು ಸಾರ್ವಜನಿಕರ ಕಣ್ಣೆದುರು ಕೀಳಾಗಿಸಲೆಂದೇ ಅವಮಾನಿಸಿದ್ದೇ ಎಂದು ಕೇಳುತ್ತದೆ. ಯಾರಿಗೋ ಬೇಸರವಾಯಿತು ಎಂಬುದಷ್ಟೇ ಎರಡಕ್ಕೂ ಸಾಲದು. ಆದರೆ ಮದುವೆಮನೆಯ ಒಂದು ದಿನದ ವೇಷಕ್ಕೆ ಎದ್ದ ಕೋಪ, ವರ್ಷ ವರ್ಷ ಬೀದಿಯಲ್ಲಿ ಕುಣಿದ ಕೊರಗ ವೇಷಕ್ಕೆ ಅಷ್ಟೇ ಜೋರಾಗಿ ಎದ್ದಿದ್ದರೆ ಚೆನ್ನಾಗಿತ್ತು.

ನಿಮ್ಮ ಹೋಳಿಯ ಮಾತಿಗೆ ಬರುತ್ತೇನೆ. ನಮ್ಮ ಕಡೆಯ ಸೋಗಿಗೂ ಬಾಗಲಕೋಟೆಯ ಸೋಗಿನ ಬಂಡಿಗಳಿಗೂ ಈ ಆಕ್ಷೇಪವನ್ನು ಎಳೆದು ತರಬೇಕಿಲ್ಲ. ಸಾಹುಕಾರ, ಪೊಲೀಸ, ಪುಢಾರಿಯ ಸೋಗು ಹಾಕಿ ಅಣಕಿಸಿದರೆ ಅಧಿಕಾರ ಇದ್ದವರು ಒಂದು ದಿನ ನಗೆಪಾಟಲಾಗುತ್ತಾರೆ, ಮರುದಿನ ಅವರ ಅಧಿಕಾರ ಅವರಲ್ಲೇ ಇರುತ್ತದೆ. ಗಂಡಸರು ಹೆಣ್ಣುವೇಷ ಹಾಕುವುದೂ ತನ್ನಷ್ಟಕ್ಕೇ ಅವಮಾನವಲ್ಲ. ರಂಗನಟ ಏಣಗಿ ಬಾಳಪ್ಪನವರು ಸ್ತ್ರೀಪಾತ್ರಗಳಿಗೂ ಹೆಸರಾದವರು. ಹೆಂಗಸರ ನಡಿಗೆ, ಮಾತುಗಳನ್ನು ಗೌರವದಿಂದ ಕಲಿತು ಆಡಿದರೆ ಅದು ಅಣಕವಾಗುವುದಿಲ್ಲ. ತೊದಲುವವರನ್ನೂ ಕಪ್ಪು ಬಣ್ಣದ ಹೆಣ್ಣುಮಕ್ಕಳನ್ನೂ ನಗೆಗೆ ಗುರಿಮಾಡುವ ನಾಟಕದ ಹಾಸ್ಯ ಬೇರೆಯದು. ಅದನ್ನು ನಾನು ಸಮರ್ಥಿಸಲಾರೆ.

ಇದು ನಮ್ಮಲ್ಲಿ ಮಾತ್ರ ಎದ್ದ ಚರ್ಚೆಯಲ್ಲ. ಕೆನಡಾದ ಪ್ರಧಾನಿಯಾಗಿದ್ದ ಜಸ್ಟಿನ್ ಟ್ರೂಡೊ ಶಿಕ್ಷಕರಾಗಿದ್ದಾಗ, 2001ರಲ್ಲಿ, ಶಾಲೆಯ ಔತಣಕೂಟಕ್ಕೆ ಮುಖಕ್ಕೆ ಕಂದುಬಣ್ಣ ಬಳಿದು ಹೋಗಿದ್ದ ಫೋಟೊ 2019ರಲ್ಲಿ ಹೊರಬಂದಾಗ ಅವರು ಕ್ಷಮೆ ಕೇಳಿದರು.

ಹಾಗಾದರೆ ಅತಿ ಎಂಬುದು ಇಲ್ಲವೇ? ಇದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾಲೇಜೊಂದರ ಉತ್ಸವದಲ್ಲಿ ವಿದ್ಯಾರ್ಥಿಗಳು ಆಡಿದ ಕಿರುಪ್ರಹಸನದಲ್ಲಿ ದಲಿತರನ್ನು, ಅಂಬೇಡ್ಕರರನ್ನು ಕೀಳಾಗಿ ತೋರಿಸಿದ್ದಾರೆಂದು ದೂರು ಬಂತು, ಬಂಧನವೂ ಆಯಿತು. ಮುಂದೆ ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಿತು. ಆ ಪ್ರಹಸನ ಕೆಟ್ಟದ್ದೇ ಎಂದು ನನ್ನ ಅಭಿಪ್ರಾಯ. ಆದರೂ ಎಳೆಯರ ಅವಿವೇಕವನ್ನು ತಿದ್ದುವ ಕೆಲಸ ಮೊದಲು ತರಗತಿಯಲ್ಲಿ ಆಗಬೇಕು, ಠಾಣೆಯಲ್ಲಲ್ಲ. ಶಾಲೆ ಒಂದು ವೇಷ ಬೇಡ ಎನ್ನುವುದಕ್ಕೂ ಪೊಲೀಸರು ಬಾಗಿಲು ತಟ್ಟುವುದಕ್ಕೂ ಬಹಳ ಅಂತರವಿದೆ. ನಿಮಗೆ ಬಂದಿರುವುದು ಮೊದಲನೆಯದು ಮಾತ್ರ.

ಇನ್ನು ಮಗಳ ವೇಷ. ‘ಕಾಂತಾರ’ ಸಿನಿಮಾ ನೋಡಿದ ಮೇಲೆ ದೈವದ ವೇಷ ಹಾಕುವ ಆಸೆ ಎಷ್ಟೋ ಮಕ್ಕಳಿಗಿದೆ. ತುಳುನಾಡಿನಲ್ಲಿ ಆ ಬಣ್ಣ ಹಚ್ಚುವುದು ನಲಿಕೆ, ಪರವ, ಪಂಬದ ಸಮುದಾಯಗಳ ವ್ರತದ ಕೆಲಸ. ದೈವಗಳನ್ನು ಅನುಕರಿಸಬೇಡಿ ಎಂದು 2025ರಲ್ಲಿ ಚಿತ್ರತಂಡದವರೇ ಕೇಳಿಕೊಂಡರು. ಹಾಗಾಗಿ ಆ ವೇಷವನ್ನು ಕೈಬಿಡಿ. ಆದರೆ ಶಾಲೆಯ ಸೂಚನೆಯಲ್ಲಿ ‘ಬುಡಕಟ್ಟು ಜನರ ವೇಷ ಬೇಡ’ ಎಂಬುದನ್ನು ಎಲ್ಲ ಸಮುದಾಯಗಳ ಉಡುಗೆಗೂ ಚಾಚಿದರೆ ಅದು ಅತಿಯೇ. ಲಂಬಾಣಿ ಉಡುಗೆಯನ್ನೇ ನೋಡಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಹುಡುಗಿ ಆ ಲಂಗ, ಆ ಕನ್ನಡಿಗಳನ್ನು ತೊಟ್ಟು ಅದನ್ನು ಹೊಲಿಯುವವರ ಬಗ್ಗೆ ನಾಲ್ಕು ಮಾತು ಹೇಳಿದರೆ ಯಾರಿಗೂ ಅವಮಾನವಿಲ್ಲ. ಅದೇ ಹುಡುಗಿಗೆ ಹರಕು ಬಟ್ಟೆ ತೊಡಿಸಿ, ಕೈಗೆ ತಟ್ಟೆ ಕೊಟ್ಟು ‘ಅಲೆಮಾರಿ’ ಎಂದು ಕುಣಿಸಿದರೆ, ಆ ತರಗತಿಯಲ್ಲೇ ಕುಳಿತ ಅಲೆಮಾರಿ ಕುಟುಂಬದ ಮಗು ತಲೆ ತಗ್ಗಿಸುತ್ತದೆ. ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ ಈ ವ್ಯತ್ಯಾಸ ಹೇಳಿ, ಸೂಚನೆಯನ್ನು ಅಷ್ಟರಮಟ್ಟಿಗೆ ತಿದ್ದಲು ಕೇಳಿ. ಲಂಬಾಣಿ ಉಡುಗೆ ಬೇಕೆನಿಸಿದರೆ, ಹತ್ತಿರದ ತಾಂಡಾದಲ್ಲಿ ಅದನ್ನು ಹೊಲಿಯುವವರನ್ನೇ ಕಂಡು, ಯಾವ ಆಭರಣವನ್ನು ಯಾರು, ಯಾವಾಗ ತೊಡುತ್ತಾರೆಂದು ಮಗಳು ತಾನೇ ಕೇಳಿ ತಿಳಿದುಕೊಳ್ಳಲಿ.