ಬಿಟಿ ಹತ್ತಿಯಲ್ಲಿ ಗುಲಾಬಿ ಹುಳು: ದೋಷ ಬೀಜದಲ್ಲೋ, ಹುಳುವಿನಲ್ಲೋ?



ಮನಗೂಳಿ ಸುತ್ತಲಿನ ಎರೆ ಭೂಮಿಯಲ್ಲಿ ಹತ್ತಿ ಬೆಳೆಯುವವರಿಗೆ ಕಾಯಿ ಬಲಿಯುವ ಕಾಲ ಬಂತೆಂದರೆ ಒಂದು ಚಿಂತೆ. ಹೊರಗಿನಿಂದ ಕಾಯಿ ದುಂಡಗೆ, ಹಸಿರಾಗಿ ಕಾಣುತ್ತದೆ. ಒಡೆದರೆ ಒಳಗೆ ಗುಲಾಬಿ ಕಾಯಿಕೊರಕ. ಆಗ “ಬೀಜವೇ ಖೊಟ್ಟಿ” ಎಂಬ ಮಾತು ಸಹಜವಾಗಿ ಬರುತ್ತದೆ. ಆದರೆ ಇದಕ್ಕೆ ಎರಡು ಕಾರಣಗಳಿರಬಹುದು. ಗಿಡದಲ್ಲಿ ಬಿಟಿ ವಿಷ ಇಲ್ಲದಿರಬಹುದು ಅಥವಾ ಸಾಲದಿರಬಹುದು. ಇಲ್ಲವೆ ವಿಷವಿದ್ದರೂ ಹುಳುವಿಗೆ ಅದು ತಾಗದಿರಬಹುದು. ಹೊಲದಲ್ಲಿ ನಿಂತು ನೋಡಿದರೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಇವನ್ನು ಬೇರ್ಪಡಿಸಲು ಪ್ರಯೋಗಶಾಲೆಯ ಪರೀಕ್ಷೆ ಬೇಕು.

ಬಿಟಿ ಕೆಲಸ ಮಾಡುವ ಬಗೆ

ಬಿಟಿ ವಿಷವು ಒಂದು ಪ್ರೋಟೀನು. ಹುಳು ಎಲೆ, ಕಾಯಿ ತಿಂದಾಗ ಅದು ಕರುಳಿಗೆ ಸೇರುತ್ತದೆ. ಅಲ್ಲಿನ ಜೀರ್ಣರಸ ಅದನ್ನು ಕತ್ತರಿಸಿ ಚುರುಕುಗೊಳಿಸುತ್ತದೆ. ಬಳಿಕ ಅದು ಕರುಳಿನ ಗೋಡೆಯಲ್ಲಿರುವ ‘ಗ್ರಾಹಕ’ಗಳಿಗೆ ಅಂಟಿಕೊಳ್ಳುತ್ತದೆ. ಗ್ರಾಹಕವೆಂದರೆ ಕೀಲಿ, ವಿಷವೆಂದರೆ ಕೀಲಿಕೈ. ಎರಡೂ ಹೊಂದಿದರೆ ಮಾತ್ರ ಕರುಳಿನಲ್ಲಿ ರಂಧ್ರ ಬಿದ್ದು ಹುಳು ಸಾಯುತ್ತದೆ. ಕೀಲಿಯೇ ಬದಲಾದರೆ ಕೀಲಿಕೈ ಎಷ್ಟಿದ್ದರೂ ಉಪಯೋಗವಿಲ್ಲ.

ಗಿಡದ ಪರೀಕ್ಷೆ

ಎಲೈಸಾ ಪರೀಕ್ಷೆಯಲ್ಲಿ ಎಲೆಯನ್ನು ಅರೆದು ರಸ ತೆಗೆದು, ಚಿಕ್ಕ ಗುಳಿಗಳಿರುವ ತಟ್ಟೆಗೆ ಹಾಕುತ್ತಾರೆ. ಗುಳಿಗೆ ಲೇಪಿಸಿದ ಪ್ರತಿಕಾಯವು ಬಿಟಿ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಮುಂದೆ ಹಾಕುವ ದ್ರಾವಣಗಳಿಂದ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಪ್ರೋಟೀನು ಹೆಚ್ಚು. ಪ್ರಮಾಣ ಗೊತ್ತಿರುವ ಮಾದರಿಯ ಬಣ್ಣದೊಡನೆ ಹೋಲಿಸಿ ಲೆಕ್ಕ ಹೇಳುತ್ತಾರೆ.

ಪಟ್ಟಿ ಪರೀಕ್ಷೆ ಇದಕ್ಕಿಂತ ಸುಲಭ. ಕೆಲವೇ ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ಆದರೆ ಅದು ಬಿಟಿ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟಿದೆ ಎಂಬುದನ್ನಲ್ಲ. ಗೆರೆ ಬಂದ ಮಾತ್ರಕ್ಕೆ ಬೀಜ ಅಧಿಕೃತವೆಂದೂ ತಿಳಿಯಬಾರದು.

ಪ್ರಮಾಣವೂ ಸದಾ ಒಂದೇ ಇರುವುದಿಲ್ಲ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಗಿಡಕ್ಕೆ ವಯಸ್ಸಾದಂತೆ ಕ್ರೈ 1 ಎಸಿ ಪ್ರೋಟೀನು ಇಳಿಯುತ್ತದೆ. ಹಸಿರು ಕಾಯಿಕೊರಕವನ್ನು ತಡೆಯಲು ಒಂದು ಗ್ರಾಂ ಅಂಗಾಂಶದಲ್ಲಿ ಸುಮಾರು 1.9 ಮೈಕ್ರೋಗ್ರಾಂ ಬೇಕು. ಬೆಳೆ ಬಲಿತಂತೆ, ಕೆಲವು ತಳಿಗಳಲ್ಲಿ ಬೇಗ, ಕೆಲವುಗಳಲ್ಲಿ ತಡವಾಗಿ, ಅದು ಇದಕ್ಕಿಂತ ಕೆಳಗಿಳಿದಿತ್ತು. ಎಲೆಗಿಂತ ಕಾಯಿಯ ಸಿಪ್ಪೆಯಲ್ಲಿ ಪ್ರಮಾಣ ಕಡಿಮೆ.

ಹುಳುವಿನ ಪರೀಕ್ಷೆ

ಹೊಲದಿಂದ ತಂದ ಹುಳುಗಳ ಸಂತತಿಗೆ, ಗೊತ್ತಾದ ಪ್ರಮಾಣದ ಬಿಟಿ ಬೆರೆಸಿದ ಕೃತಕ ಆಹಾರ ತಿನ್ನಿಸಿ, ಸತ್ತವೆಷ್ಟು, ಬದುಕಿದವೆಷ್ಟು ಎಂದು ಎಣಿಸುತ್ತಾರೆ. ನಮ್ಮ ದೇಶದಲ್ಲಿ 2002ರಲ್ಲಿ ಒಂದು ಜೀನಿನ ಬಿಟಿ ಹತ್ತಿಗೂ, 2006ರಲ್ಲಿ ಎರಡು ಜೀನಿನದಕ್ಕೂ ಒಪ್ಪಿಗೆ ದೊರೆಯಿತು. 2008ರಲ್ಲಿ ಗುಜರಾತಿನ ಅಮ್ರೇಲಿಯಿಂದ ತಂದ ಗುಲಾಬಿ ಹುಳುಗಳು ಮೊದಲ ವಿಷಕ್ಕೆ ಜಗ್ಗಲಿಲ್ಲ. ಮುಂದೆ ಎರಡನೆಯದಕ್ಕೂ ನಿರೋಧಕತೆ ಬಂತು. ಮೊದಲ ವಿಷಕ್ಕೆ ಜಗ್ಗದ ಹುಳುಗಳಲ್ಲಿ ‘ಕ್ಯಾಡ್ಹೆರಿನ್’ ಎಂಬ ಗ್ರಾಹಕವೇ ಕೆಟ್ಟಿದ್ದುದನ್ನು 2014ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದುದರಿಂದ ಬೀಜ ಅಸಲಿಯಾಗಿದ್ದರೂ ಗುಲಾಬಿ ಹುಳು ಬರಬಲ್ಲದು.

ರೈತರು ಮಾಡಬೇಕಾದುದು

1. ಬೀಜದ ಪಾವತಿ, ಖಾಲಿ ಪಾಕೀಟು ಮತ್ತು ಸ್ವಲ್ಪ ಬೀಜವನ್ನು ಸುಗ್ಗಿಯವರೆಗೆ ಕಾದಿಡಿ.

2. ಸಂಶಯವಿದ್ದರೆ ಬೆಳೆ ಎಳೆಯದಿರುವಾಗಲೇ ಪರೀಕ್ಷೆ ಮಾಡಿಸಿ. ಹೊಲದ ಬೇರೆ ಬೇರೆ ಕಡೆಯ ಗಿಡಗಳಿಂದ ಎಳೆಯ ಎಲೆ ತೆಗೆದು, ಒಂದೊಂದು ಗಿಡದ್ದನ್ನು ಪ್ರತ್ಯೇಕ ಚೀಲದಲ್ಲಿಟ್ಟು ತಂಪಾಗಿ ಅದೇ ದಿನ ತಲುಪಿಸಿ. ಒಟ್ಟುಗೂಡಿಸಿದರೆ ಬಿಟಿ ಇಲ್ಲದ ಗಿಡ ಮರೆಯಾಗುತ್ತದೆ. ಎಲ್ಲಿ ಕೊಡಬೇಕೆಂಬುದನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲೇ ವಿಚಾರಿಸಿ.

3. ಪರೀಕ್ಷೆಯ ಫಲಕ್ಕಾಗಿ ಕಾಯುತ್ತ ಕೂಡಬೇಡಿ. ಎಕರೆಗೆ 2 ಮೋಹಕ ಬಲೆ ಕಟ್ಟಿ. ಒಂದು ಬಲೆಗೆ ರಾತ್ರಿಗೆ 8 ಪತಂಗಗಳಂತೆ ಮೂರು ರಾತ್ರಿ ಸತತವಾಗಿ ಬಿದ್ದರೆ, ಅಥವಾ 20 ಹಸಿರು ಕಾಯಿ ಒಡೆದಾಗ ಎರಡರಲ್ಲಿ ಹುಳು ಕಂಡರೆ, ತಜ್ಞರ ಸಲಹೆಯಂತೆ ಔಷಧಿ ಸಿಂಪಡಿಸಿ.

4. ಡಿಸೆಂಬರ್ ಕೊನೆಗೆ ಬೆಳೆ ಮುಗಿಸಿ. ಕೂಳೆ ಬಿಡಬೇಡಿ. ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟಬೇಡಿ. ಹುಳು ಅದರ ಒಣಕಾಯಿಗಳಲ್ಲಿಯೇ ಮುಂದಿನ ಹಂಗಾಮಿಗೆ ಕಾಯುತ್ತದೆ.

ಗೆರೆ ಬಾರದಿದ್ದರೆ ಬೀಜ ಮಾರಿದವರನ್ನು ಕೇಳಬೇಕು. ಗೆರೆ ಬಂದೂ ಹುಳು ಬದುಕಿದ್ದರೆ ಊರವರೆಲ್ಲ ಕೂಡಿ ಒಂದೇ ಸಲ ಬೆಳೆ ಮುಗಿಸಬೇಕು. ಏಕೆಂದರೆ ಪತಂಗಕ್ಕೆ ಬದುವಿನ ಗಡಿ ಇಲ್ಲ.